ಸೈನೈಡ್ ದಿಬ್ಬದ ದಾರಿಯಲ್ಲಿ ಸೈಕಲ್ಲು

ಪಿಯುಸಿವರೆಗೆ ನಾನು ಓದಿದ್ದು ಬಂಗಾರಪೇಟೆಯಲ್ಲಿ. ಅಲ್ಲಿಗೆ ನಮ್ಮೂರಿನಿಂದ ಆಟೋ ಸಿಗುತ್ತಿತ್ತು, ಜೊತೆಗೆ ಹುಡುಗಿಯರ ಗುಂಪೂ ಇತ್ತು. ಡಿಗ್ರಿಗೆಂದು ಕೆಜಿಎಫ್ ಕಡೆಯ ಕಾಲೇಜು ಸೇರಿದ ಮೇಲೆ ಆ ದಿಕ್ಕಿಗೆ ಹೋಗುವವಳು ನಾನೊಬ್ಬಳೇ ಆದೆ. ಬೆಳಗಿನ ಬಸ್ಸು ಪೇಟೆಯಲ್ಲೇ ತುಂಬಿಕೊಂಡು, ಫುಟ್‌ಬೋರ್ಡಿನಲ್ಲಿ ಜನರನ್ನು ನೇತಾಡಿಸಿಕೊಂಡು ಬರುತ್ತಿತ್ತು. ಕೈ ಅಡ್ಡ ಹಾಕಿದರೂ ನಿಲ್ಲುತ್ತಿರಲಿಲ್ಲ. ಮೊದಲ ಪೀರಿಯಡ್ಡು ತಪ್ಪಿ ತಪ್ಪಿ, ಕೊನೆಗೆ ಹಾಜರಾತಿ ಸಾಲದೆಂದು ಮೇಷ್ಟ್ರು ಕರೆದು ಹೇಳಿದರು. ಅವತ್ತು ಸಂಜೆಯೇ ಎಂಟನೇ ಕ್ಲಾಸಿನಲ್ಲಿ ಸ್ಕೂಲಿನಿಂದ ಕೊಟ್ಟಿದ್ದ ನನ್ನ ಸೈಕಲ್ಲನ್ನು ಒರೆಸಿ, ಚೈನಿಗೆ ಎಣ್ಣೆ ಬಿಟ್ಟೆ.

ಅಮ್ಮ ನೋಡುತ್ತಾ ನಿಂತಿದ್ದಳು. ಅಪ್ಪ ಹೋದ ಮೇಲೆ ತೋಟದ ಕೂಲಿ ಮಾಡಿ ಅಕ್ಕನನ್ನೂ ನನ್ನನ್ನೂ ಸಾಕಿದವಳು ಅವಳು.

"ಆ ದಿಬ್ಬದ ಅತ್ರ ಮನೆಗಿನೆ ಒಂದೂ ಇಲ್ಲ ಕಣೆ. ಏನಾದ್ರೂ ಆದ್ರೆ ಕೂಗಿದ್ರೂ ಯಾರೂ ಬರಕಿಲ್ಲ" ಅಂದಳು.

"ಏನಾಯ್ತದಮ್ಮ, ಬೆಳಕಲ್ಲೇ ಓಗಿ ಬೆಳಕಲ್ಲೇ ಬತ್ತೀನಿ" ಅಂದೆ.

ಅವಳಿಗಿದ್ದ ಭಯದ ಕಾರಣ ನನಗೆ ಗೊತ್ತಿತ್ತು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳಾದ ಅಕ್ಕ ಪಿಯುಸಿಯಲ್ಲಿದ್ದಾಗ, ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ದಿನಾ ಹಿಂದೆ ಬಿದ್ದಿದ್ದ. ಅಕ್ಕ ಅಳುತ್ತಾ ಬಂದು ಮನೆಯಲ್ಲಿ ಹೇಳಿದಳು. ಮರುದಿನದಿಂದ ಅವಳ ಕಾಲೇಜು ನಿಂತಿತು. ಹಿಂದೆ ಬಿದ್ದವನಿಗೆ ಏನೂ ಆಗಲಿಲ್ಲ. ಅಕ್ಕ ಹೊಲಿಗೆ ಮೆಷಿನ್ ಮುಂದೆ ಕೂತಳು, ಅವಳ ಸೈಕಲ್ಲು ಕೊಟ್ಟಿಗೆಯ ಗೋಡೆಗೆ ಒರಗಿತು. ಇದನ್ನು ಕಣ್ಣಾರೆ ಕಂಡ ನಾನು, ಏನೇ ಆದರೂ ಮನೆಯಲ್ಲಿ ಬಾಯಿ ಬಿಡಬಾರದೆಂದು ಮೊದಲೇ ತೀರ್ಮಾನ ಮಾಡಿಕೊಂಡಿದ್ದೆ.

ದಾರಿ ಅರ್ಧ ಸಲೀಸು. ರಾಗಿ ಹೊಲ, ಟೊಮೊಟೊ ತೋಟ, ಒಂದೆರಡು ಟೀ ಅಂಗಡಿ. ಕೆಜಿಎಫ್‌ನ ಉರಿಗಾಂ ಹತ್ತಿರವಾಗುತ್ತಿದ್ದಂತೆ, ಚಿನ್ನ ತೆಗೆಯಲು ಸೈನೈಡ್ ಬೆರೆಸಿ ಗಣಿಯವರು ಸುರಿದ ಬೂದು ಮಣ್ಣಿನ ದಿಬ್ಬ ಒಂದು ಬದಿಗೆ ಎದ್ದು ನಿಲ್ಲುತ್ತದೆ. ಇನ್ನೊಂದು ಬದಿಗೆ ಜಾಲಿ ಪೊದೆ. ಗಾಳಿ ಬೀಸಿದರೆ ಕಣ್ಣು ಬಿಡಲಾಗದಷ್ಟು ಧೂಳು. ಆ ಭಾಗ ಬಂದಾಗ ನಾನು ವೇಲನ್ನು ಮೂಗಿಗೆ ಸುತ್ತಿ, ತಲೆ ತಗ್ಗಿಸಿ ತುಳಿಯುತ್ತಿದ್ದೆ.

ಮೊದಲ ವಾರ ಕಳೆಯುವುದರೊಳಗೆ ಹಿಂದೆ ಬೈಕಿನ ಸದ್ದು ಕೇಳಿಸಿತು. ಮುಂದೆ ಹೋಗಲೆಂದು ಪಕ್ಕಕ್ಕೆ ಸರಿದೆ. ಅದು ಹೋಗಲಿಲ್ಲ. ನನ್ನ ಸೈಕಲ್ಲಿನ ವೇಗಕ್ಕೇ ಗುರುಗುಟ್ಟುತ್ತಾ ಬಂತು. ಜೋರಾಗಿ ತುಳಿದರೆ ಅದೂ ಜೋರಾಗುತ್ತಿತ್ತು, ನಿಧಾನ ಮಾಡಿದರೆ ಅದೂ ನಿಧಾನ. ಉರಿಗಾಂನ ಗಣಿ ಕಾರ್ಮಿಕರ ಲೈನ್ ಮನೆಗಳು ಕಂಡ ಕೂಡಲೇ ಸರ್ರನೆ ಮುಂದೆ ಹೋಯಿತು. ಇಪ್ಪತ್ತರ ಆಚೀಚೆಯ ಹುಡುಗ, ಕತ್ತಿಗೆ ಕರ್ಚೀಫು ಕಟ್ಟಿದ್ದ. ಒಮ್ಮೆ ಹಿಂತಿರುಗಿ ನಕ್ಕ.

ಆಮೇಲೆ ಅದೇ ಆಯಿತು. ಕೆಲವು ದಿನ ಬರುತ್ತಿರಲಿಲ್ಲ, ಅದು ಇನ್ನೂ ಕಷ್ಟ. ದಿಬ್ಬ ಮುಗಿಯುವವರೆಗೂ ಕಿವಿಯೆಲ್ಲ ಬೆನ್ನಿನಲ್ಲೇ ಇರುತ್ತಿತ್ತು. ಬಂದ ದಿನ ಏನಾದರೊಂದು ಹೆಚ್ಚುತ್ತಿತ್ತು. ಒಮ್ಮೆ ಹೆಸರು ಕೇಳಿದ. ಇನ್ನೊಮ್ಮೆ ಕಾಲು ಚಾಚಿ ನನ್ನ ಕ್ಯಾರಿಯರಿಗೆ ಒತ್ತಿ ತಳ್ಳಿದ. ಸೈಕಲ್ಲು ಓಲಾಡಿತು, ನಾನು ಹ್ಯಾಂಡಲ್ ಹಿಡಿದು ಹೇಗೋ ಬೀಳದೆ ಉಳಿದೆ. ಬುಟ್ಟಿಯಲ್ಲಿ ಬುತ್ತಿ ಡಬ್ಬಿಯ ಪಕ್ಕ ಒಂದು ಕಲ್ಲು ಇಟ್ಟುಕೊಂಡು ಓಡಾಡಲು ಶುರುಮಾಡಿದೆ. ಎಸೆಯುವ ಧೈರ್ಯ ಬರುತ್ತದೋ ಇಲ್ಲವೋ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವನು ಪಕ್ಕಕ್ಕೇ ಬಂದು ವೇಲು ಹಿಡಿದೆಳೆದ. ಬಟ್ಟೆ ಪರ್ರನೆ ಹರಿದು ಅರ್ಧ ಅವನ ಕೈಗೆ ಹೋಯಿತು. ನಾನು ಮಣ್ಣಿಗೆ ಬಿದ್ದೆ. ಅವನು ನಿಲ್ಲದೆ ಹೋದ.

ಸಂಜೆ ಉಳಿದರ್ಧವನ್ನು ಮಡಿಚಿ ಬ್ಯಾಗಿನ ತಳಕ್ಕೆ ತುರುಕಿದ್ದೆ. ಅಕ್ಕನ ಕಣ್ಣಿಗೆ ಬಟ್ಟೆ ತಪ್ಪುವುದಿಲ್ಲ. ಅದನ್ನು ಹೊರಗೆಳೆದು, ಹರಿದ ಅಂಚನ್ನು ಬೆರಳಲ್ಲಿ ಸವರಿ ನೋಡಿ, "ಇದು ಮುಳ್ಳಿಗೆ ಸಿಕ್ಕಿ ಅರಿದಿದ್ದಲ್ಲ. ಯಾರು ಎಳೆದಿದ್ದು?" ಅಂದಳು.

ನಾನು ಬಾಗಿಲ ಕಡೆ ನೋಡಿದೆ. ಅಮ್ಮ ಇನ್ನೂ ಬಂದಿರಲಿಲ್ಲ. ಎಲ್ಲ ಹೇಳಿದೆ. "ಅಮ್ಮಂಗೆ ಏಳ್ಬೇಡ ಅಕ್ಕ, ಕಾಲೇಜು ಬಿಡಿಸ್ಬಿಡ್ತಾಳೆ" ಅಂದಾಗ ಮಾತ್ರ ಅಳು ಬಂತು.

ಅಕ್ಕ ಸಮಾಧಾನ ಹೇಳಲಿಲ್ಲ. ಎದ್ದು ಕೊಟ್ಟಿಗೆಗೆ ಹೋಗಿ ತನ್ನ ಸೈಕಲ್ಲನ್ನು ಈಚೆಗೆ ತಂದಳು. ಟೈರು ಸೀಳಿಹೋಗಿತ್ತು. ಮರುದಿನ ಪೇಟೆಗೆ ತಳ್ಳಿಕೊಂಡು ಹೋಗಿ ಸರಿ ಮಾಡಿಸಿಕೊಂಡು ಬಂದಳು. ಲೈನಿಂಗ್ ಬಟ್ಟೆ ಕೆಜಿಎಫ್‌ನಲ್ಲೇ ಚೆನ್ನಾಗಿ ಸಿಗುತ್ತದೆ, ಬೆಳಿಗ್ಗೆ ಹೋಗಿ ಬರುತ್ತೇನೆ ಎಂದು ಅಮ್ಮನಿಗೆ ಹೇಳಿದಳು.

ಜೊತೆಯಾಗಿ ಹೊರಟ ಮೊದಲೆರಡು ದಿನ ಅವನ ಸುಳಿವಿಲ್ಲ. ಅಕ್ಕನಿಗೆ ಅಭ್ಯಾಸ ತಪ್ಪಿತ್ತು, ಏರು ಬಂದರೆ ಏದುಸಿರು. ಮೂರನೆಯ ದಿನ ದಿಬ್ಬದ ಹತ್ತಿರ ಸದ್ದು ಕೇಳಿಸಿತು.

"ಇವ್ನೇನಾ?"

"ಊಂ."

"ನೀನು ಮುಂದೆ ಓಗ್ತಾ ಇರು. ತಿರುಗಿ ನೋಡ್ಬೇಡ."

ನಾನು ಹೋದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೈಕಿನ ಸದ್ದು ನಿಂತುಬಿಟ್ಟಿತು. ಕಾಲು ತಾನಾಗಿಯೇ ನೆಲಕ್ಕೆ ಊರಿತು. ತಿರುಗಿದರೆ, ಅಕ್ಕ ಸೈಕಲ್ಲನ್ನು ರಸ್ತೆಗೆ ಅಡ್ಡ ಮಲಗಿಸಿ ಬೈಕಿನ ಮುಂದೆ ನಿಂತಿದ್ದಾಳೆ. ಅವನು ನಗುತ್ತಿದ್ದ. ಏನೋ ಅಂದ, ನನಗೆ ಕೇಳಿಸಲಿಲ್ಲ. ಅಷ್ಟರಲ್ಲಿ ಅವಳು ಕೈ ಚಾಚಿ ಬೈಕಿನ ಕೀ ಕಿತ್ತುಕೊಂಡಳು.

ಅವನ ನಗು ನಿಂತಿತು. ನಾನು ಸೈಕಲ್ಲು ಬಿಟ್ಟು ಕಲ್ಲು ಹಿಡಿದು ಓಡಿದೆ. ನಾನು ಹೋಗುವಷ್ಟರಲ್ಲಿ ಅವನು ಅವಳ ಮಣಿಕಟ್ಟು ತಿರುಚುತ್ತಿದ್ದ.

"ಕೊಡೇ. ಕೈ ಮುರೀತೀನಿ ನೋಡು."

"ಮುರಿ. ಯಾವೂರ್ಲಾ ನಿಂದು? ನಿಮ್ಮಮ್ಮನ ಕೈಗೇ ಕೊಡ್ತೀನಿ, ನಡಿ" ಅಂದಳು ಅಕ್ಕ. ದನಿ ಏರಿರಲಿಲ್ಲ. ಮುಖ ಮಾತ್ರ ನೋವಿಗೆ ಬಿಳುಚಿಕೊಂಡಿತ್ತು.

ನಾನು ಕಲ್ಲೆತ್ತಿದೆ. ಅವನು ನನ್ನ ಕಡೆ ತಿರುಗಿದ, ಅವಳ ಕೈ ಮಾತ್ರ ಬಿಡಲಿಲ್ಲ. ಆ ಕ್ಷಣ ಯಾರು ಏನು ಮಾಡುತ್ತಿದ್ದೆವೋ ಕಾಣೆ. ಟೊಮೊಟೊ ಕೀಳಲು ಬೇತಮಂಗಲದ ಕಡೆಗೆ ಹೆಂಗಸರನ್ನು ಕರೆದೊಯ್ಯುವ ಟೆಂಪೋ ಬಂದು, ರಸ್ತೆಗೆ ಅಡ್ಡ ಬಿದ್ದ ಸೈಕಲ್ಲಿನೆದುರು ಹಾರನ್ ಹೊಡೆಯಿತು. ಅದರಲ್ಲಿದ್ದವರೆಲ್ಲ ನಮ್ಮೂರಿನವರೇ, ಅಮ್ಮನ ಜೊತೆ ಕೂಲಿ ಮಾಡುವವರು. ಸದ್ಯ, ಅಮ್ಮ ಅವತ್ತು ಬೇರೆ ತೋಟಕ್ಕೆ ಹೋಗಿದ್ದಳು.

ಅವನು ಕೈ ಬಿಟ್ಟ. ನಮ್ಮ ಪಕ್ಕದ ಮನೆಯ ತೆಲುಗು ಅಜ್ಜಿ ಹಿಂದಿನಿಂದ ಬಗ್ಗಿ, "ಏಮೈಂದಮ್ಮಾ, ಏನಾಯ್ತು?" ಅಂದಳು.

ಏನೂ ಇಲ್ಲ ಅಂದುಬಿಡು ಅಕ್ಕ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಕ್ಕ ಎಲ್ಲರಿಗೂ ಕೇಳುವಂತೆ ಹೇಳಿದಳು: "ಇವನು ದಿನಾ ನಮ್ಮ ಪಾಪನ ಹಿಂದೆ ಬತ್ತಾನಜ್ಜಿ. ಮೊನ್ನೆ ವೇಲು ಅರಿದು, ಬೀಳ್ಸವ್ನೆ."

ಹೆಂಗಸರು ಒಬ್ಬೊಬ್ಬರಾಗಿ ಇಳಿದರು. ಯಾರೂ ಹೊಡೆಯಲಿಲ್ಲ. ಸುತ್ತ ನಿಂತು ಊರು, ಅಪ್ಪನ ಹೆಸರು, ಮನೆ ಎಲ್ಲಿ ಎಂದು ಕೇಳಿದರು. ಅವನ ಊರು ಎರಡು ಮೈಲಿಯಾಚೆ ಇತ್ತು. ಅಜ್ಜಿಗೆ ಅಲ್ಲಿ ನೆಂಟರಿದ್ದರು. "ದೊಡ್ಡೋರ್ನ ಕಳಿಸು, ಕೀ ಅವರ ಕೈಗೆ ಕೊಡ್ತೀವಿ" ಎಂದಳು ಅಜ್ಜಿ. ಅವನು ಬೈಕನ್ನು ತಳ್ಳಿಕೊಂಡು ಹೋದ.

ಅವತ್ತು ಕಾಲೇಜಿನಲ್ಲಿ ಏನು ಪಾಠವಾಯಿತೋ ತಿಳಿಯದು. ಸಂಜೆಗೆ ಟೆಂಪೋ ಊರಿಗೆ ಬರುತ್ತದೆ, ಅಮ್ಮನ ಕಿವಿಗೆ ಬೀಳುತ್ತದೆ, ನಾಳೆಯಿಂದ ನಾನೂ ಮನೆಯಲ್ಲೇ ಎಂಬುದೊಂದೇ ತಲೆಯಲ್ಲಿತ್ತು.

ನಾನು ಮನೆ ತಲುಪಿದಾಗ ಅಮ್ಮ ಜಗಲಿಯ ಮೇಲೆ ಕೂತಿದ್ದಳು. ನನ್ನನ್ನು ನೋಡಿದ ರೀತಿಯಲ್ಲೇ ಸುದ್ದಿ ಮುಟ್ಟಿದೆ ಎಂದು ತಿಳಿಯಿತು. ಒಳಗೆ ಅಕ್ಕ ಊದಿದ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಒಂದೇ ಕೈಯಲ್ಲಿ ಗುಂಡಿ ಹಚ್ಚುತ್ತಿದ್ದಳು. ಕಾಫಿ ಕುಡಿಯುವ ಹೊತ್ತಿಗೆ ಬಿಳಿ ಪಂಚೆಯ ಹಿರಿಯರೊಬ್ಬರು ಬಂದು ಅಂಗಳದಲ್ಲಿ ನಿಂತರು. ಅವನ ದೊಡ್ಡಪ್ಪನಂತೆ.

"ಉಡುಗ್ ಬುದ್ಧಿ ತಂಗಿ. ಮನಸಿಗೆ ಆಕ್ಕೋಬೇಡ. ಈಗಿನ ಕಾಲದಾಗೆ ಎಣ್ಮಕ್ಳನ್ನ ಒಂಟಿಯಾಗಿ ಆ ದಾರೀಲಿ ಕಳಿಸ್ಬಾರ್ದು" ಅಂದರು.

ಅಮ್ಮ ಒಳಗೆ ಬಂದು ಕೀ ತೆಗೆದುಕೊಂಡಳು. ಹೋಗುವ ಮುಂಚೆ ಅಕ್ಕನ ಮುಖವನ್ನು ಒಂದು ಗಳಿಗೆ ನೋಡಿದಳು. ನಾನು ಬಾಗಿಲ ಹಿಂದೆ ನಿಂತೆ.

"ತಗಳಣ್ಣ, ನಿಮ್ ಉಡುಗಂದು" ಅಂದಳು ಅಮ್ಮ. "ನನ್ ಮಗಳು ನಾಳೆನೂ ಅದೇ ದಾರೀಲಿ ಓಗ್ತಾಳೆ, ನಾಳಿದ್ದೂ ಓಗ್ತಾಳೆ. ಆ ದಾರೀಗೆ ಬರಬ್ಯಾಡ ಅಂತ ಏಳ್ಬೇಕಾಗಿರೋದು ಅವನಿಗೆ."

ಅವರು ತಲೆ ಆಡಿಸಿ ಹೋದರು. ಅಕ್ಕ ಸೂಜಿ ಕೆಳಗಿಟ್ಟಿದ್ದಳು. ಅಮ್ಮ ಒಳಗೆ ಬಂದು ಅವಳ ಪಕ್ಕ ಕೂತು, ಮಣಿಕಟ್ಟಿನ ಬಟ್ಟೆ ಬಿಚ್ಚಿ, ಬಿಸಿ ಉಪ್ಪಿನ ಶಾಖ ಕೊಡತೊಡಗಿದಳು. ಅಕ್ಕನ ಕಾಲೇಜಿನ ಬಗ್ಗೆ ಅವತ್ತೂ ಯಾರೂ ಮಾತೆತ್ತಲಿಲ್ಲ. ಅಕ್ಕ ಮಾತ್ರ ತುಂಬಾ ಹೊತ್ತು ಗೋಡೆ ನೋಡುತ್ತಾ ಅತ್ತಳು. ಅಮ್ಮ ಅವಳ ಕೈ ಬಿಡಲಿಲ್ಲ.

ಅಕ್ಕ ನನ್ನ ಪರೀಕ್ಷೆ ಮುಗಿಯುವವರೆಗೂ ಜೊತೆ ಬಂದಳು. ಅವನು ಮತ್ತೆ ಆ ದಾರಿಯಲ್ಲಿ ಕಾಣಿಸಲಿಲ್ಲ. ಈಗ ನಾನು ಕೊನೆಯ ವರ್ಷದಲ್ಲಿದ್ದೇನೆ, ಒಬ್ಬಳೇ ಹೋಗುತ್ತೇನೆ. ಭಯ ಹೋಗಿದೆ ಅಂದರೆ ಸುಳ್ಳಾಗುತ್ತದೆ. ಹಿಂದೆ ಬೈಕು ನಿಧಾನವಾದರೆ ಇವತ್ತಿಗೂ ಭುಜ ಬಿಗಿಯುತ್ತದೆ. ಆದರೆ ಈಗ ಜೋರಾಗಿ ತುಳಿಯುವುದಿಲ್ಲ. ಬ್ರೇಕು ಹಿಡಿದು, ಕಾಲೂರಿ, ಪೂರ್ತಿ ತಿರುಗಿ ನೋಡುತ್ತೇನೆ. ಮೊನ್ನೆ ಹಾಗೆ ತಿರುಗಿದಾಗ, ಮಗುವನ್ನು ಮುಂದೆ ಕೂರಿಸಿಕೊಂಡ ಗಂಡಹೆಂಡಿರು ಗುಂಡಿ ತಪ್ಪಿಸುತ್ತಾ ಬರುತ್ತಿದ್ದರು. ಅವರು ದಾಟಿ ಹೋಗಲಿ ಎಂದು ಕಾದು, ಮತ್ತೆ ಹತ್ತಿ ಹೊರಟೆ.