ಮಂಗಳಾರತಿ ಮೊದಲೇ ಬಂದರೆ

ಹತ್ತನೆಯ ತರಗತಿಗೆ ಸಂಭವನೀಯತೆ ಪಾಠ ಮಾಡಿ ಹೊಟ್ಟೆ ಹೊರೆಯುವ ನಾನು, ಅದೇ ಸಂಭವನೀಯತೆಯ ಮೇಲೆ ಸಿಟ್ಟಾಗಿ ಬಸ್ಸಿನಲ್ಲಿ ಫೋನಿಗೆ ಬೈಯುತ್ತೇನೆ ಎಂದರೆ ನೀವು ನಗುತ್ತೀರಿ. ನಗಿ, ಪಕ್ಕದ ಸೀಟಿನವರೂ ನಗುತ್ತಾರೆ. ಸೇಡಂನಿಂದ ಮಳಖೇಡದ ನಮ್ಮ ಶಾಲೆಗೆ ದಾರಿ ದೊಡ್ಡದಲ್ಲ. ಸಿಮೆಂಟು ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡ ದಿನ ಮಾತ್ರ ದೊಡ್ಡದಾಗುತ್ತದೆ. ಅಂಥ ದಿನಗಳಿಗೆಂದು ಫೋನಿನಲ್ಲಿ ನನಗೆ ಬೇಕಾದ ಹಾಡುಗಳನ್ನು ಬೇಕಾದ ಕ್ರಮದಲ್ಲಿ ಜೋಡಿಸಿಕೊಂಡಿದ್ದೇನೆ. ಆದರೆ ಅದೇ ಪರದೆಯ ಮೇಲೆ, ಒಂದನ್ನೊಂದು ಅಡ್ಡ ಹಾಯ್ದ ಎರಡು ಬಾಣಗಳ ಪುಟ್ಟ ಗುಂಡಿಯೊಂದಿದೆ. ಶಫಲ್ ಎಂದು ಅದರ ಹೆಸರು. ಅದು ಹೊತ್ತಿಕೊಂಡರೆ ಹಾಡುಗಳು ಇಸ್ಪೀಟಿನ ಎಲೆಗಳ ಹಾಗೆ ಕಲೆಸಿಹೋಗುತ್ತವೆ. ಹೆಬ್ಬೆರಳು ತಾನಾಗಿ ಹೋಗಿ ಕೂರುವ ಜಾಗವನ್ನೇ ಹುಡುಕಿ ಅದನ್ನಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ನಾನು ಒತ್ತಿದ್ದೇನೆಂದು ನನಗೆ ತಿಳಿಯುವುದು, ಒಬ್ಬನೇ ಗಾಯಕ ಸಾಲಾಗಿ ಮೂರು ಸಲ ಬಂದು ಅಳತೊಡಗಿದಾಗ.

ತಪ್ಪು ಫೋನಿನದಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಪ್ರತಿ ವರ್ಷ ನಾನು ತರಗತಿಯಲ್ಲಿ ಒಂದು ಆಟ ಆಡಿಸುತ್ತೇನೆ. ಅರ್ಧ ಮಕ್ಕಳು ನಾಣ್ಯ ಚಿಮ್ಮಿ, ಬಿದ್ದದ್ದನ್ನು ಬಿದ್ದ ಹಾಗೆ ಬರೆಯಬೇಕು. ಉಳಿದರ್ಧ ಚಿಮ್ಮದೆಯೇ ಮನಸ್ಸಿನಲ್ಲಿ ಊಹಿಸಿ ಬರೆಯಬೇಕು. ಹಾಳೆ ನೋಡಿದ ಕೂಡಲೇ ಯಾವುದು ಖರೆ, ಯಾವುದು ಸುಳ್ಳು ಎಂದು ಹೇಳಿಬಿಡುತ್ತೇನೆ. ಮಕ್ಕಳು ನನ್ನನ್ನು ಮಾಟಗಾತಿಯನ್ನು ನೋಡಿದ ಹಾಗೆ ನೋಡುತ್ತಾರೆ. ಗುಟ್ಟು ಇಷ್ಟೇ: ಊಹಿಸಿ ಬರೆಯುವವರು ನ್ಯಾಯವಂತರು, ಎರಡು ಹೆಡ್ಡು ಬಂದರೆ, ಪಾಪ ಎಂದು ಹಿಂದೆಯೇ ಒಂದು ಟೇಲನ್ನು ಕೂರಿಸುತ್ತಾರೆ. ಖರೆ ನಾಣ್ಯಕ್ಕೆ ಆ ಕರುಣೆ ಇಲ್ಲ. ಸಾಲಾಗಿ ಐದಾರು ಹೆಡ್ಡು ಉದುರಿಸಿ ಸುಮ್ಮನಿರುತ್ತದೆ. ಹಾಡಿನ ಆ್ಯಪ್ ಮಾಡುವವರಿಗೂ ಇದೇ ಫಜೀತಿಯಂತೆ. ನಿಜವಾಗಿ ಕಲೆಸಿ ಕೊಟ್ಟರೆ ಜನ ‘ನೀವು ಕಲೆಸಿಯೇ ಇಲ್ಲ’ ಎಂದು ತಕರಾರು ತೆಗೆಯುತ್ತಾರಂತೆ. ಅದಕ್ಕೇ, ಹಾಲಿಗೆ ಬೆರೆಸಿದ ಹಾಗೆ, ಆಕಸ್ಮಿಕಕ್ಕೂ ಸ್ವಲ್ಪ ನೀರು ಬೆರೆಸಿ ಕೊಡುವುದುಂಟಂತೆ. ಇದನ್ನು ಮೊದಲು ಓದಿದಾಗ ಬೆರಗಾಗಿ ಕೂತಿದ್ದೆ. ಅಪ್ಪಟ ಆಕಸ್ಮಿಕವನ್ನು ತಾಳಿಕೊಳ್ಳುವ ಶಕ್ತಿ ಮನುಷ್ಯನಿಗಿಲ್ಲ ಎಂದರೆ, ನಾವೆಲ್ಲ ಇಷ್ಟು ವರ್ಷ ಬದುಕಿರುವುದಾದರೂ ಹೇಗೆ?

ಅಪ್ಪಟ ಆಕಸ್ಮಿಕ ಹೋದ ದೀಪಾವಳಿಯ ಹಿಂದೆಯೇ ನಮ್ಮ ಮನೆಗೂ ಬಂತು. ನಮ್ಮವ್ವನಿಗೆ ಲಕ್ವಾ ಹೊಡೆಯಿತು. ಅವ್ವ ನಾಲವಾರದವಳು, ಅಪ್ಪ ತೀರಿಕೊಂಡ ಮೇಲೆ ಸೇಡಂಗೆ ಬಂದು ನನ್ನ ಹತ್ತಿರ ಇದ್ದಾಳೆ. ನಾಲವಾರದಲ್ಲಿ ಗಾಡಿ ಹತ್ತಿ ಪಕ್ಕದ ವಾಡಿಯಲ್ಲಿ ಇಳಿಯುವುದರೊಳಗೆ, ಎದುರು ಸೀಟಿನವರ ಮನೆಯ ಗಂಡು-ಹೆಣ್ಣಿನ ಮಾತುಕತೆ ಮುಗಿಸಿಕೊಡುವಂಥ ಹೆಂಗಸು. ಊರಿನ ಹೆಂಗಸರ ಭಜನೆಗೆ ಅವಳೇ ಮುಂದಾಳು. ಯಾವ ಪದದ ಹಿಂದೆ ಯಾವ ಪದ, ಯಾರು ತಾಳ ಹಿಡಿಯಬೇಕು, ಯಾರು ಬಾಯಿ ಮುಚ್ಚಿಕೊಂಡು ಕೂರಬೇಕು, ಎಲ್ಲ ಅವಳ ಹುಕುಂ. ಲಕ್ವಾ ಅವಳ ಬಲಗೈಯನ್ನು ಅರ್ಧ ತೆಗೆದುಕೊಂಡು ಮಾತನ್ನು ಪೂರಾ ತೆಗೆದುಕೊಂಡಿತು. ನಾವು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು. ತಾನು ಹೇಳಲು ಬಾಯಿ ತೆರೆದರೆ ‘ತ, ತ’ ಎಂಬುದೊಂದೇ ಬರುತ್ತಿತ್ತು. ಅಂದುಕೊಂಡದ್ದು ಬರಲಿಲ್ಲ ಎಂಬುದೂ ತಿಳಿಯುತ್ತಿತ್ತು. ಆಗ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿಬಿಡುತ್ತಿದ್ದಳು. ಅವಳು ಇನ್ನೊಮ್ಮೆ ತನ್ನದೇ ಒಂದು ಮಾತು ಆಡಿಯಾಳೇ ಎಂಬುದೊಂದು ಬಿಟ್ಟರೆ ಆ ಚಳಿಗಾಲವೆಲ್ಲ ನನಗೆ ಬೇರೆ ಯೋಚನೆ ಇರಲಿಲ್ಲ.

ಒಂದು ಮುಂಜಾನೆ ರೊಟ್ಟಿ ಬಡಿಯುತ್ತ, ಬೇಸರ ಕಳೆಯಲೆಂದು ಫೋನಿನಲ್ಲಿ ಭಜನೆಯ ಪದವೊಂದನ್ನು ಹಚ್ಚಿದ್ದೆ. ನಡುಮನೆಯ ಮಂಚದಿಂದ ಯಾರೋ ಜೊತೆಗೂಡಿದರು. ರಾಗ ಮಾತ್ರವಲ್ಲ, ಮಾತೂ ಅಕ್ಷರಕ್ಕೆ ಅಕ್ಷರ ಸರಿ. ದಿನಾ ಬೊಟ್ಟು ಮಾಡಿ ಕೇಳಬೇಕಾಗಿದ್ದ ‘ನೀರು’ ಎಂಬ ಮಾತು, ಆ ಹಾಡಿನ ನಡುವೆ ತುಂಬಿದ ಕೊಡದಲ್ಲಿ ಬಂದ ಹಾಗೆ ಬಂದು ಹೋಯಿತು. ನನ್ನ ಕೈ ನಿಂತಿತು, ಹಂಚಿನ ಮೇಲಿನ ರೊಟ್ಟಿ ಸೀದಿತು. ಓಡಿಹೋಗಿ ನೀರಿನ ತಂಬಿಗೆ ಹಿಡಿದು, “ಇದೇನವ್ವ, ಇದಕ್ಕ ಏನಂತಾರ?” ಎಂದೆ. ಅವ್ವ ತಂಬಿಗೆ ನೋಡಿದಳು, ನನ್ನನ್ನು ನೋಡಿದಳು. “ತ,” ಎಂದಳು.

ಕಲಬುರಗಿಯ ಡಾಕ್ಟರು ಇದನ್ನು ಕೇಳಿ ಏನೂ ಆಶ್ಚರ್ಯ ಪಡಲಿಲ್ಲ. “ಮಾತು ಬರೋ ದಾರಿ ಬ್ಯಾರೆ, ಹಾಡು ಬರೋ ದಾರಿ ಬ್ಯಾರೆ ಅದರಿ ಟೀಚರ್. ಹಾಡಸ್ಕೋತ ಇರ್ರಿ. ಸಿಟ್ಟು ಬಂದಾಗ ಒಂದೊಂದು ಮಾತು ತಾನಾಗೇ ಜಾರಿ ಬರಬಹುದು, ಅದಕ್ಕ ಭಾಳ ಹಿಗ್ಗಬ್ಯಾಡ್ರಿ. ತಾವಾಗಿ ಬೇಕಂತ ಹುಡುಕಿ ಒಂದು ಮಾತು ತಂದ್ರಂದ್ರ, ಅವತ್ತು ನನಗ ಫೋನ್ ಮಾಡ್ರಿ,” ಎಂದರು. ನನ್ನ ಗಂಡ ವಾಡಿ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿಯ ಗಾರ್ಡು. ಜಗತ್ತಿನ ಎಲ್ಲ ಕಷ್ಟವೂ ಅವರಿಗೆ ರೈಲಿನ ಭಾಷೆಯಲ್ಲೇ ಅರ್ಥವಾಗುವುದು. “ಅತ್ತಿ ಮಾತಿನ ಗಾಡಿ ಸ್ಟೇಷನ್ ಹೊರಗ ಔಟರ್‌ನ್ಯಾಗ ನಿಂತದ ನೋಡು. ಇಂಜಿನ್ ಚಾಲೂನೇ ಅದ. ಲೈನ್ ಖಾಲಿ ಆಗ್ಲಿ, ಬರ್ತದ,” ಎಂದರು. ಡಾಕ್ಟರ ಮಾತಿಗಿಂತ ನನಗೆ ಇದೇ ಹೆಚ್ಚು ತಿಳಿಯಿತು.

ಸರಿ, ಅವ್ವನ ಭಜನೆಯ ಪದಗಳನ್ನೆಲ್ಲ ಹುಡುಕಿ ಅವಳ ಕ್ರಮದಲ್ಲೇ ಜೋಡಿಸಿದೆ. ಭಜನೆಗೆ ಕ್ರಮವುಂಟು. ಮೊದಲು ಗುರುವಿನ ಪದ. ಆಮೇಲೆ ಮನಸ್ಸಿಗೆ ಬುದ್ಧಿ ಹೇಳುವವು. ಆಮೇಲೆ ಸಂಸಾರವನ್ನು ನಗಾಡುವವು. ಕೇಳುವವರ ಕಣ್ಣು ಎಳೆಯತೊಡಗಿದ ಮೇಲೆ, ಈ ದೇಹ ಬಾಡಿಗೆ ಮನೆ ಎಂದು ಎಚ್ಚರಿಸುವವು. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಕಲಿಸಿಲ್ಲ. ಆದರೂ ಎಂಥ ಸೋಜಿಗ ನೋಡಿ: ಒಂದು ಪದ ಮುಗಿದು ಇನ್ನೊಂದು ಶುರುವಾಗುವ ನಡುವೆ ಒಂದೆರಡು ಉಸಿರಿನಷ್ಟು ಮೌನವಿರುತ್ತದಲ್ಲ, ಅಷ್ಟರೊಳಗೆ ಮುಂದಿನ ಪದ ನಮ್ಮೊಳಗೆ ಎದ್ದು ಕೂತಿರುತ್ತದೆ. ನಿಮಗೂ ಹಾಗೇ ಆಗಿರಬೇಕು. ಬಾಲ್ಯದಲ್ಲಿ ಕೇಳಿದ ಕ್ಯಾಸೆಟ್ಟಿನ ಹಾಡೊಂದು ಇವತ್ತು ಎಲ್ಲೋ ಮದುವೆ ಪೆಂಡಾಲಿನಲ್ಲಿ ಕೇಳಿ ಮುಗಿದರೆ, ಅದರ ಮುಂದಿನ ಹಾಡಿನ ಮೊದಲ ಸ್ವರ ಕಿವಿಯೊಳಗೆ ತಾನಾಗಿ ಮೊಳಗುತ್ತದೆ. ಅಲ್ಲಿ ಹಾಡುಗಾರನಿಲ್ಲ, ಯಂತ್ರವಿಲ್ಲ. ನಮ್ಮ ತಲೆಯೊಳಗೆ ಯಾರು ಅದನ್ನು ಇಷ್ಟು ವರ್ಷ ಕಾಯ್ದಿಟ್ಟರೋ ನನ್ನ ಗಣಿತಕ್ಕೆ ಗೊತ್ತಿಲ್ಲ.

ಅವ್ವನ ವಿಷಯದಲ್ಲಿ ಆ ಮೌನವೇ ನನ್ನ ಆಸೆಯಾಯಿತು. ಫೋನು ಹಾಡುವಾಗ ಅವಳು ಅದರ ಬೆನ್ನಿಗೆ ಹೋಗುತ್ತಿದ್ದಳು. ಆದರೆ ನಡುವಿನ ಆ ಎರಡು ಉಸಿರಿನಲ್ಲಿ ಅವಳು ಒಬ್ಬಳೇ. ಫೋನಿಗಿಂತ ಮೊದಲೇ ತುಟಿ ಅಲುಗಿಸಿ ಮುಂದಿನ ಪದ ಎತ್ತುತ್ತಿದ್ದಳು. ಒಂದು ಪದ ಮುಗಿದೊಡನೆ ನಾನು ಫೋನನ್ನು ತಡೆದು ಹಿಡಿಯತೊಡಗಿದೆ. ಅವಳು ಎತ್ತಿದ ಮೇಲೆಯೇ ಬಿಡುತ್ತಿದ್ದೆ. ತಡೆಯಲು ಹೋದ ಹೆಬ್ಬೆರಳು ಆಗಾಗ ಆ ಬಾಣಗಳ ಗುಂಡಿಗೆ ತಗುಲುವುದು, ಆಗ ಅವಳು ಎತ್ತಿದ್ದೊಂದು, ಫೋನು ಹಾಡಿದ್ದೊಂದು. ಅವ್ವ ಬೆಚ್ಚಿ ನಿಲ್ಲಿಸುವಳು. ತಪ್ಪು ತನ್ನದೇ ಎಂದುಕೊಂಡು ಗೋಡೆಯ ಕಡೆ ತಿರುಗುವಳು, ಆ ದಿನವಿಡೀ ಮತ್ತೆ ಬಾಯಿ ತೆರೆಯಳು. ಬಸ್ಸಿನಲ್ಲಿ ನನಗಿದ್ದ ಸಿಟ್ಟು ಎಲ್ಲಿ, ಈಗ ಬಂದ ಸಿಟ್ಟು ಎಲ್ಲಿ. ಆ ಗುಂಡಿಯ ಮೇಲೆ ಹಣೆಯ ಬಿಂದಿಯೊಂದನ್ನು ಅಂಟಿಸಿದೆ. ಪರದೆ ಬದಲಾದರೆ ಅದೇ ಬಿಂದಿಯಡಿ ಬೇರೆ ಗುಂಡಿ ಬರುತ್ತದೆ ಎಂಬುದು ಹೊಳೆದದ್ದು, ಹೆಡ್ ಮಾಸ್ತರರ ಫೋನು ಬಂದಾಗ ಅದನ್ನು ಎತ್ತಲಾಗದೆ ಒದ್ದಾಡಿದ ಮೇಲೆ. ಬಿಂದಿ ಕಿತ್ತು ತೆಗೆದೆ. ವಿಜ್ಞಾನದ ಪದವೀಧರೆ ನಾನು, ದಯವಿಟ್ಟು ನೆನಪಿರಲಿ.

ಒಂದು ಸೋಮವಾರ ಸಂಜೆ ಓಣಿಯ ಹೆಂಗಸರು ಅವ್ವನ ಜೊತೆ ಭಜನೆ ಮಾಡಲು ಬಂದರು. ಅವರ ಹಿರಿಯಳು ಗಂಗಮ್ಮ ಕಾಕಿ, ಚಿಂಚೋಳಿ ಕಡೆಯವಳು, ಅವ್ವನಿಗೆ ಸೇಡಂನಲ್ಲಿ ಸಿಕ್ಕ ಗೆಳತಿ. ಅವ್ವನನ್ನು ಮಂಚದ ಮೇಲೆ ದಿಂಬಿಗೆ ಒರಗಿಸಿ ಕೂರಿಸಿದೆವು. ಎಲ್ಲರೂ ಚಾಪೆಯ ಮೇಲೆ ಕೂತರು. ಫೋನಿಗೆ ಸ್ಪೀಕರ್ ಜೋಡಿಸಿ ಗೋಡೆಯ ಮಾಡದಲ್ಲಿಟ್ಟೆ. ಗುರುವಿನ ಪದ ಚೆನ್ನಾಗಿ ನಡೆಯಿತು. ಅದು ಮುಗಿದೊಡನೆ ನಾನು ಎಂದಿನಂತೆ ಫೋನಿಗೆ ಕೈ ಹಾಕಿದೆ. ಅವ್ವ ಮುಂದಿನದಕ್ಕೆ ತುಟಿ ತೆರೆದಳು. ಸ್ಪೀಕರಿನಿಂದ ಮಂಗಳಾರತಿ ಮೊಳಗಿತು.

ಇಲ್ಲೊಂದು ಮಾತು ಹೇಳಬೇಕು. ಮಂಗಳಾರತಿ ಭಜನೆಯ ಕಟ್ಟಕಡೆಯ ಪದ. ಅದು ಶುರುವಾಯಿತೆಂದರೆ ಕೂತವರೆಲ್ಲ ಎದ್ದು ನಿಲ್ಲಬೇಕು. ಆರತಿ ಬೆಳಗಬೇಕು, ಪ್ರಸಾದ ಹಂಚಬೇಕು, ಚಪ್ಪಲಿ ಹುಡುಕಬೇಕು. ಮಂಗಳ ಹಾಡಿದ ಮೇಲೆ ಮತ್ತೊಂದು ಪದ ಎತ್ತುವಂತಿಲ್ಲ. ಈ ಅಭ್ಯಾಸ ನಮ್ಮ ಹೆಂಗಸರ ಬುದ್ಧಿಯಲ್ಲಿಲ್ಲ, ಕಾಲಿನಲ್ಲಿದೆ. ಇನ್ನೂ ಸೆರಗು ಸರಿಮಾಡಿಕೊಂಡು ಕೂತದ್ದೇ ಈಗ. ಎಲ್ಲರೂ ಎದ್ದು ಕೈ ಮುಗಿದರು. ಗಂಗಮ್ಮ ಕಾಕಿ ಕಡ್ಡಿಪೆಟ್ಟಿಗೆ ತಡಕಾಡುತ್ತ, “ಇಷ್ಟ್ ಜಲ್ದಿ ಮುಗೀತೇನವ್ವ?” ಎಂದಳು. “ಮುಗದಿರ್ಬೇಕು ಬಿಡ್ರಿ ಕಾಕಿ, ನಾನೂ ಒಲಿ ಮ್ಯಾಲ ಬ್ಯಾಳಿ ಇಟ್ಟು ಬಂದೀನಿ,” ಎಂದು ಎದುರು ಮನೆಯವಳು ಸಮಾಧಾನ ಪಟ್ಟಳು. ಹೇಳಿಕೊಳ್ಳಲು ನಾಚಿಕೆ, ಫೋನನ್ನು ನಿಲ್ಲಿಸಬೇಕಾದ ನಾನೂ ಕೈ ಮುಗಿದು ನಿಂತಿದ್ದೆ.

ಮಂಚದ ಪಟ್ಟಿಗೆ ಎಡಗೈ ಬಡಿದ ಸಪ್ಪಳವಾಯಿತು. ಅವ್ವನ ಮುಖ ಕೆಂಪಾಗಿತ್ತು. ಈ ಸಲ ತಪ್ಪು ತನ್ನದಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಭಜನೆಯೊಂದನ್ನು ಹೀಗೆ ಹೊಸ್ತಿಲಲ್ಲೇ ಮುಗಿಸಿಬಿಡುವುದನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

“ಕುಂದ್ರಿ,” ಎಂದಳು.

ಹಾಡಿನೊಳಗಿನ ಮಾತಲ್ಲ ಅದು. ರಾಗವಿರಲಿಲ್ಲ. ಸ್ಪೀಕರಿನಲ್ಲಿ ಮಂಗಳಾರತಿ ನಡೆದೇ ಇತ್ತು, ಅದು ನಡೆಯುವಾಗ ಕೂರುವುದು ಅಪಚಾರ. ಗಂಗಮ್ಮ ಕಾಕಿ ಒಮ್ಮೆ ದೇವರ ಫೋಟೋ ಕಡೆ ನೋಡಿದಳು, ಒಮ್ಮೆ ಮಂಚದ ಕಡೆ ನೋಡಿದಳು, ಮೊದಲು ಅವಳೇ ಕೂತಳು. ಹಿಂದೆಯೇ ಎಲ್ಲರೂ ಕೂತರು. ನಾನು ಎಲ್ಲಿ ಕೂತೆನೋ ನನಗೆ ನೆನಪಿಲ್ಲ. ಅಷ್ಟು ಪದಗಳಲ್ಲಿ ಆ ಹೊತ್ತಿಗೆ ಸರಿಯಾಗಿ ಅದೊಂದೇ ಬರುವ ಸಂಭವ ಎಷ್ಟೆಂದು ಹಲಗೆಯ ಮೇಲೆ ಬರೆದು ತೋರಿಸಬಲ್ಲೆ, ಮಕ್ಕಳಿಗೂ ಅರ್ಥವಾಗುತ್ತದೆ. ಗೊತ್ತು ಗುರಿಯಿಲ್ಲದ ಒಂದು ಗುಂಡಿ ಎಡವಿ ಹೋಗಿ, ಡಾಕ್ಟರಿಗೂ ನನಗೂ ಸಿಗದ ಬಾಗಿಲನ್ನು ತಟ್ಟಿತಲ್ಲ, ಅದನ್ನು ಯಾವ ಹಲಗೆಯ ಮೇಲೆ ಬರೆಯಲಿ?

ಆದರೆ ಸಿಟ್ಟಿನ ಮಾತಿಗೆ ಹಿಗ್ಗಬೇಡಿ ಎಂದಿದ್ದರಲ್ಲ ಡಾಕ್ಟರು, ಹಿಗ್ಗದಿರಲು ನೋಡಿದೆ. ಗಂಗಮ್ಮ ಕಾಕಿಗೆ ಮೆಲ್ಲಗೆ ಅದನ್ನೇ ಹೇಳಿದೆ. “ಹಂಗೇನು,” ಎಂದು ಅವಳು ಅಷ್ಟಕ್ಕೇ ಬಿಟ್ಟಳು. “ಮೊದಲ ಆ ಡಬ್ಬಿ ಬಂದ್ ಮಾಡು. ನಿಮ್ಮವ್ವ ಎತ್ತಲಿ, ನಾವು ಹಿಡಿತೀವಿ.” ಫೋನು ಆರಿತು. ಅವ್ವ ಎತ್ತಿದಳು, ಇವರು ಹಿಡಿದರು. ಒಂದು ಮುಗಿಯುತ್ತಿದ್ದಂತೆ ಇನ್ನೊಂದು, ಎಲ್ಲಿಯೂ ತಡವರಿಸದೆ, ಎಲ್ಲಿಯೂ ಕ್ರಮ ತಪ್ಪದೆ ಬರುತ್ತಲೇ ಹೋಯಿತು. ಒಲೆಯ ಮೇಲೆ ಬೇಳೆ ಇಟ್ಟು ಬಂದವಳು ನಡುವೆ ಒಮ್ಮೆ ಓಡಿಹೋಗಿ ಇಳಿಸಿ ಬಂದು ಕೂತಳು. ನಾನು ಕಣ್ಣು ಒರೆಸಿಕೊಳ್ಳುತ್ತ ತಾಳ ತಪ್ಪಿಸುತ್ತಿದ್ದೆ. ಯಾರೂ ಬೈಯಲಿಲ್ಲ.

ಕಡೆಗೆ, ಬರಬೇಕಾದ ಹೊತ್ತಿಗೆ, ಅವ್ವ ಮಂಗಳಾರತಿ ಎತ್ತಿದಳು. ತಟ್ಟೆಯಲ್ಲಿ ಕರ್ಪೂರ ಹಚ್ಚಿದೆ. ಒಬ್ಬರೂ ಏಳಲಿಲ್ಲ. ಏಳಹೋದವರನ್ನು ಗಂಗಮ್ಮ ಕಾಕಿ ಕಣ್ಣಿನಲ್ಲೇ ತಡೆದಳು. ಕೂತೇ ಹಾಡಿ ಮುಗಿಸಿದರು. ಕಾಕಿ ಮಂಚದ ಹತ್ತಿರ ಸರಿದು ಅವ್ವನ ಮೊಳಕಾಲ ಮೇಲೆ ಕೈ ಇಟ್ಟಳು.

“ಕುಂದ್ರಿ ಅಂದಿ, ಕುಂತೀವಿ. ಈಗ ನೀ ಅಂದ್ರನೇ ಏಳ್ತೀವಿ. ಇಲ್ಲಂದ್ರ ಇಲ್ಲೇ ಕುಂದರ್ತೀವಿ ನೋಡು ತಂಗಿ.”

ಅವ್ವನಿಗೆ ಈಗ ಸಿಟ್ಟಿರಲಿಲ್ಲ, ಹಾಡೂ ಇರಲಿಲ್ಲ. ಬಾಯಿ ತೆರೆದಳು. “ತ,” ಎಂದಳು. ಗೋಡೆಯ ಕಡೆ ತಿರುಗಿಯಾಳು ಎಂದುಕೊಂಡೆ. ತಿರುಗಲಿಲ್ಲ. ಕಣ್ಣು ಮುಚ್ಚಿಕೊಂಡಳು. ಕರ್ಪೂರ ಆರಲು ಬಂತು. ಯಾರೋ ಇನ್ನೊಂದು ಬಿಲ್ಲೆ ಹಾಕಿದರು. ಮತ್ತೆ ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ನಾವೆಲ್ಲ ಚಾಪೆಯ ಮೇಲೆ ಮುಖ ಎತ್ತಿಕೊಂಡು ಅವಳ ತುಟಿಯನ್ನೇ ನೋಡುತ್ತಿದ್ದೆವು.

“ಏಳ್ರಿ.”

ಎದ್ದೆವು. ದೇವರಿಗೋ ಅವ್ವನಿಗೋ ಎಂದು ಯಾರೂ ಕೇಳಲಿಲ್ಲ.