ಹಗ್ಗ ನೋಡುವ ಬೆರಳು

ಠಾಣೆ ಶಹರದ ಪಕ್ಕದ ಐರೋಲಿಯಲ್ಲಿ, ಸಮುದ್ರದ ನೀರು ಒಳನುಗ್ಗುವ ಖಾಡಿಗೆ ಬೆನ್ನು ಹಾಕಿ ನಿಂತ ಒಂದು ಹಳೆಯ ಮನೆಯಿದೆ. ಇರುವುದು ಒಂದೇ ಮಹಡಿ. ಆ ಮನೆಗೆ ಲಿಫ್ಟ್ ಇದೆ ಎಂದರೆ ಆಟೋದವರೂ ನಗುತ್ತಾರೆ. ಲಿಫ್ಟ್ ಇರುವುದು ಮನುಷ್ಯರಿಗಲ್ಲ, ಹಿತ್ತಲಿನ ಬೋಟಿಗೆ. ನಾಲ್ಕು ಕಬ್ಬಿಣದ ಕಂಬ, ಮೇಲೆ ಎರಡು ಗರ್ಡರು, ಕೈಯಿಂದ ತಿರುಗಿಸುವ ವಿಂಚು, ಅದಕ್ಕೆ ಸುತ್ತಿದ ಉಕ್ಕಿನ ಹಗ್ಗ. ಮಳೆಗಾಲಕ್ಕೆ ಮುಂಚೆ, ಉಬ್ಬರದ ನೀರು ಹಿತ್ತಲ ಕಾಲುವೆಗೆ ಏರಿದ ಹೊತ್ತು ನೋಡಿ ಬೋಟನ್ನು ಎತ್ತಿ ತೂಗುಹಾಕಬೇಕು. ಶ್ರಾವಣದ ನಾರಳಿ ಪೂರ್ಣಿಮೆ ಕಳೆದ ಮೇಲೆ ಇಳಿಸಬೇಕು. ಈ ಕೆಲಸಕ್ಕೆ ಇಪ್ಪತ್ತು ವರ್ಷಗಳಿಂದ, ವರ್ಷಕ್ಕೆ ಎರಡು ಸಲ, ಕಳಂಬೋಲಿಯಿಂದ ಬರುವವನು ಗುರುವಪ್ಪ.

ಬೋಟಿನ ಯಜಮಾನ ಕಿಟ್ಟು ಉಡುಪಿ ಕಡೆಯವರು. ಠಾಣೆಯಲ್ಲಿ ಶುದ್ಧ ಶಾಕಾಹಾರಿ ಹೋಟೆಲು ನಡೆಸಿ ಈಗ ಮಗನಿಗೆ ಬಿಟ್ಟಿದ್ದಾರೆ. ಮೀನು ಹಿಡಿಯುವುದಿರಲಿ, ಮುಟ್ಟಿದವರೂ ಅಲ್ಲ. ಹುಡುಗನಾಗಿದ್ದಾಗ ಹೊಳೆ ದಾಟಿ ಶಾಲೆಗೆ ಹೋಗುತ್ತಿದ್ದವರಿಗೆ ನೀರಿನ ಮೇಲೆ ಕೂರುವ ಹಂಬಲ ಹೋಗಲಿಲ್ಲ, ಅಷ್ಟೆ. ಹೋಟೆಲಿನಲ್ಲಿ ನಾಲ್ಕು ಕಾಸು ಕಂಡ ಕೂಡಲೇ ಅಲ್ಲಿನ ಮೀನುಗಾರರೊಬ್ಬರಿಂದ ಒಂದು ಸಣ್ಣ ಫೈಬರ್ ಬೋಟು ಕೊಂಡರು. "ಊರಿಗೆ ಹೋಗಿ ಬಂದಿದ್ರೆ ಮುಗೀತಿತ್ತು" ಎಂದು ಹೆಂಡತಿ ಮುಕ್ತಾ ಇವತ್ತಿಗೂ ಹಂಗಿಸುತ್ತಾರೆ.

ಕಿಟ್ಟು, ಗುರುವಪ್ಪ ಇವರಿಬ್ಬರ ಪರಿಚಯವೇ ಒಂದು ಎಡವಟ್ಟಿನಿಂದ ಆದದ್ದು. ಮೊದಲ ಸಲ ಫೋನು ಮಾಡಿದ ಕಿಟ್ಟು, "ದೋಣಿ ಎತ್ಲಿಕ್ಕುಂಟು, ಬರ್ತೀರಾ?" ಎಂದು ಕೇಳಿದರು. ಗುರುವಪ್ಪ ವಿಜಯಪುರ ಜಿಲ್ಲೆಯ ಡೋಣಿ ನದಿಯ ದಂಡೆಯವನು. ಡೋಣಿ ಬೆಳೆದರೆ ಓಣಿ ತುಂಬ ಜೋಳ ಎಂಬ ಮಾತು ಕೇಳುತ್ತಲೇ ಬೆಳೆದವನು. ಅವನ ಪಾಲಿಗೆ ಡೋಣಿ ಎಂದರೆ ಅದೊಂದೇ. "ಡೋಣಿ ಎತ್ತಾಕ ನಾ ಏನ್ ಭಗೀರಥ ಆಗೀನೇನ್ರೀ?" ಎಂದು ಫೋನು ಇಟ್ಟೇಬಿಟ್ಟ. ಎರಡನೆಯ ಸಲ ಕಿಟ್ಟು ಜಾಗ್ರತೆಯಿಂದ ಬೋಟು ಎಂದರು. ಆಮೇಲೆ ಈ ಕಥೆಯನ್ನು ಹೇಳಿಕೊಂಡು ನಗದೆ ಇಬ್ಬರೂ ಒಂದು ಸಲವೂ ಕೆಲಸ ಶುರುಮಾಡಿದ್ದಿಲ್ಲ.

ಗುರುವಪ್ಪ ಹರೆಯದಲ್ಲಿ ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಗೆ ಹಮಾಲಿ ಮಾಡಲು ಬಂದವನು. ಆಗಿನ ಕಳಂಬೋಲಿಯನ್ನು ನೆನೆದರೆ ಅವನ ಮುಖವೇ ಬೇರೆಯಾಗುತ್ತದೆ. ಬೆಳಗಾದರೆ ಟ್ರೇಲರುಗಳ ಸಾಲು. ಮಧ್ಯಾಹ್ನ ತಗಡಿನ ಸುರುಳಿಗಳ ನೆರಳಿನಲ್ಲಿ ಕೂತು ಸಿಂದಗಿಯವರು, ಇಂಡಿಯವರು, ಅಫಜಲಪುರದವರು ಒಬ್ಬರ ಬುತ್ತಿಗೆ ಇನ್ನೊಬ್ಬರು ಕೈಹಾಕಿ ರೊಟ್ಟಿ ತಿನ್ನುವುದು. ಅಲ್ಲಿಯೇ ಒಬ್ಬ ಉಸ್ತಾದ ಇವನ ಬೆರಳು ನೋಡಿ, ನೀನು ಹೊರುವ ಆಳಲ್ಲ ಎಂದು ಹಗ್ಗದ ಕೆಲಸಕ್ಕೆ ಎಳೆದುಕೊಂಡ.

ಉಕ್ಕಿನ ಹಗ್ಗ ಸಾಯುವುದು ಒಮ್ಮೆಗೇ ಅಲ್ಲ, ಒಂದೊಂದು ಎಳೆಯಾಗಿ ಎಂದು ಉಸ್ತಾದ ಹೇಳುತ್ತಿದ್ದ. ಸೀಮೆಎಣ್ಣೆಯಲ್ಲಿ ಹಳೆಯ ಗ್ರೀಸು ಒರೆಸಿ, ಹತ್ತಿಯ ಉಂಡೆಯನ್ನು ಹಗ್ಗದ ಉದ್ದಕ್ಕೂ ಜಾರಿಸಬೇಕು. ಮುರಿದ ಎಳೆ ಇದ್ದಲ್ಲಿ ಹತ್ತಿಯ ಚೂರು ಸಿಕ್ಕಿಕೊಳ್ಳುತ್ತದೆ. ಆದರೆ ಈಗಷ್ಟೇ ತಲೆಯೆತ್ತಿದ ಸಣ್ಣ ಮುಳ್ಳು ಹತ್ತಿಗೂ ಸಿಗುವುದಿಲ್ಲ. ಅದಕ್ಕೆ ಬರಿ ಬೆರಳೇ ಬೇಕು. ಗುರುವಪ್ಪ ಕಣ್ಣು ಮುಚ್ಚಿ ಬೆರಳಾಡಿಸಿದರೆ, ಅಕ್ಕಿಯಲ್ಲಿ ಕಲ್ಲು ಸಿಕ್ಕ ಹಾಗೆ ಮುಳ್ಳು ಸಿಗುತ್ತಿತ್ತು. ಹಗ್ಗ ನೋಡಿದವನೇ ಎತ್ತಿದ ಭಾರದ ಕೆಳಗೆ ಮೊದಲು ಹೋಗಿ, ಒಂದು ಲೋಟ ಚಹಾ ಕುಡಿದು ಬರಬೇಕೆಂಬುದು ಉಸ್ತಾದನ ಇನ್ನೊಂದು ಪಾಠ. ಮಾರುಕಟ್ಟೆಯಲ್ಲಿ ನಾಲ್ಕು ಜನ ಗುರುವಪ್ಪಂದಿರಿದ್ದರು. ಇವನೊಬ್ಬನೇ ಹಗ್ಗದ ಗುರುವಪ್ಪ.

ಈಗ ಅಲ್ಲಿ ಎಲ್ಲವೂ ಯಂತ್ರ, ಎಲ್ಲದಕ್ಕೂ ಸರ್ಟಿಫಿಕೇಟು. ಹಗ್ಗ ನೋಡು ಬಾ ಎಂದು ಕರೆಯುವ ಜಾಗ ಐರೋಲಿಯ ಹಿತ್ತಲೊಂದೇ ಉಳಿದಿದೆ. ಅದೂ ಕೈಬಿಡುವ ಭಯದಿಂದ ಗುರುವಪ್ಪ ಎರಡು ವರ್ಷಗಳಿಂದ ಒಂದು ಸಂಗತಿಯನ್ನು ಮುಚ್ಚಿಟ್ಟಿದ್ದ. ಸಕ್ಕರೆ ಕಾಯಿಲೆ ಅವನ ಬೆರಳ ತುದಿಗಳನ್ನು ತಿಂದಿತ್ತು. ಗಾಯವಿಲ್ಲ, ನೋವಿಲ್ಲ, ಏನೂ ಇಲ್ಲ. ಆ ಏನೂ ಇಲ್ಲದಿರುವುದೇ ತೊಂದರೆ. ಅಂಗಿಯ ಗುಂಡಿಯನ್ನು ಹೆಂಡತಿ ಚಂದ್ರಬಾಯಿ ಹಾಕಿಕೊಡುತ್ತಿದ್ದಳು.

ಈ ಸಲ ಮೇ ತಿಂಗಳ ಕೊನೆಗೆ ಅವನು ಮಾನಸರೋವರ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಹತ್ತುವಾಗ, ಹತ್ತಿ ಹೇಗೂ ಇದೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಹತ್ತಿಗೆ ಸಿಗದ ಮುಳ್ಳಿನ ವಿಷಯ ಮನಸ್ಸಿಗೆ ಬಂತು. ಬಂದದ್ದನ್ನು ಅಲ್ಲಿಯೇ ಒತ್ತಿಟ್ಟ.

ಮುಕ್ತಾ ಕೊಟ್ಟ ಪುನರ್ಪುಳಿ ಶರಬತ್ತು ಕುಡಿದು, ಭಗೀರಥನ ಕಥೆಗೆ ಮಾಮೂಲಿನಂತೆ ನಕ್ಕು, ಗುರುವಪ್ಪ ಕೆಲಸಕ್ಕೆ ಕೂತ. ಬೋಟು ಇನ್ನೂ ಕಾಲುವೆಯಲ್ಲಿತ್ತು. ಕಿಟ್ಟು ಪಕ್ಕದಲ್ಲಿ ಕೂತು ಕತ್ತಿ ಮಸೆಯುತ್ತಿದ್ದರು. ಬೋಟು ಮೇಲೆ ಹೋದ ಮೇಲೆ ಅದರ ಕೆಳಗೆ ಅಂಗಾತ ಮಲಗಿ, ತಳಕ್ಕೆ ಅಂಟಿದ ಚಿಪ್ಪುಗಳನ್ನೆಲ್ಲ ಹೆರೆಯುವುದು ಅವರದೇ ಕೆಲಸ. ಗುರುವಪ್ಪ ಹಗ್ಗವನ್ನು ಮೊದಲು ಹತ್ತಿಯಿಂದ ನೋಡಿ ಆಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿದ.

"ಸೈ ಐತಿ" ಎಂದ.

"ಅಯ್ಯೋ, ರಕ್ತ!" ಎಂದು ಮುಕ್ತಾ ಕೂಗಿದರು.

ಕಣ್ಣು ತೆರೆದರೆ ಮಡಿಲಲ್ಲಿದ್ದ ಹತ್ತಿ ಕೆಂಪಾಗಿತ್ತು. ನಡುಬೆರಳಲ್ಲಿ ಉಕ್ಕಿನ ಎಳೆಯ ಚೂರೊಂದು ನೆಟ್ಟಗೆ ನಿಂತಿತ್ತು. ಗುರುವಪ್ಪ ಅದನ್ನು ಇನ್ಯಾರದೋ ಕೈ ನೋಡುವ ಹಾಗೆ ನೋಡಿದ. "ಏನಿಲ್ರಿ ಅಕ್ಕಾರ, ಗೀರೇತಿ ಅಷ್ಟ" ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಕಿಟ್ಟುವಿನ ಕೈಯಲ್ಲಿದ್ದ, ಬೋಟಿನ ಕೆಳಗೆ ಮಲಗಿ ಹೆರೆಯುವ ಕತ್ತಿ ಕಂಡು ಅದನ್ನು ನುಂಗಿಕೊಂಡ. ಅಷ್ಟು ವರ್ಷದ ಹೆಸರು ಒಂದು ಮಾತಿಗೆ ಹೋಗುತ್ತದೆಂದು ಗೊತ್ತಿದ್ದೇ ಹೇಳಿದ.

"ಕಿಟ್ಟಣ್ಣಾರ, ನನ್ನ ಬೆರಳಿಗೆ ಏನೂ ಗೊತ್ತಾಗವಲ್ದ್ರಿ. ನನ್ನ ಮಾತು ಇನ್ನ ನಂಬಬ್ಯಾಡ್ರಿ."

ಕಿಟ್ಟು ಕತ್ತಿ ಕೆಳಗಿಟ್ಟರು. "ನನಗೆ ಗೊತ್ತುಂಟು ಮಾರಾಯ್ರೆ. ಹೋದ ವರ್ಷ ಇವಳು ಕುದಿಕುದಿ ಕಾಫಿ ತಂದು ಕೊಟ್ಟಳಲ್ಲ, ನಾನು ಲೋಟ ಮುಟ್ಟಲಿಕ್ಕಾಗದೆ ಕೆಳಗಿಟ್ಟೆ. ನೀವು ಅಂಗೈಯಲ್ಲಿ ಹಿಡ್ಕೊಂಡೇ ಮಾತಾಡ್ತಿದ್ರಿ."

ಗುರುವಪ್ಪ ಕೈಯಲ್ಲಿದ್ದ ಹಗ್ಗ ಕೆಳಗೆ ಹಾಕಿದ. "ಮತ್ತ ಹೋದ ವರ್ಸ ಹಗ್ಗ ಬ್ಯಾರೆ ಯಾರಿಗಿ ತೋರಿಸಿದ್ರಿ?"

"ಯಾರಿಗೂ ಇಲ್ಲ."

"ಕೆಳಗ ಮಕ್ಕೊಂಡು ಚಿಪ್ಪು ಹೆರದವರು?"

"ನಾನೇ. ನಾಲ್ಕು ದಿವಸ."

ಗುರುವಪ್ಪನಿಗೆ ಸಿಟ್ಟು ನೆತ್ತಿಗೇರಿತು. ಇಪ್ಪತ್ತು ವರ್ಷ ಬಹುವಚನ ಬಿಟ್ಟು ಆಡದಿದ್ದವನು ಒಮ್ಮೆಲೇ ಏಕವಚನಕ್ಕೆ ಇಳಿದ. "ನಿನಗೇನರ ಬುದ್ಧಿ ಐತೇನು? ಹರದು ಬಿದ್ದಿದ್ರ? ಈ ಅಕ್ಕಾಗ ನಾ ಏನಂತ ಮಾರಿ ತೋರಸ್ತಿದ್ನಿ? ಗೊತ್ತಿದ್ದೂ ಬಾಯಿ ಮುಚಗೊಂಡು ಹೋಗಿ ಕೆಳಗ ಮಕ್ಕೊಂಡೀಯಲ್ಲೋ!"

"ಹೇಳಿದ್ರೆ ನೀವು ಮತ್ತೆ ಬರ್ತಿರ್ಲಿಲ್ಲ, ಗುರುವಪ್ಪಣ್ಣ" ಎಂದರು ಕಿಟ್ಟು.

ಬೈಯಲು ಗುರುವಪ್ಪನಿಗೆ ಇನ್ನೂ ಬೇಕಾದಷ್ಟಿತ್ತು. ಆದರೆ ಇಂಥ ಹುಚ್ಚನ ಜೀವವನ್ನು ತಾನು ಸುಳ್ಳಿನ ಮೇಲೆ ತೂಗುಹಾಕಿದ್ದೆನಲ್ಲ ಎಂದು ನಾಚಿಕೆಯಾಯಿತು. ತನಗಾಗಿ ಒಬ್ಬ ಇಷ್ಟು ಮಾಡಿದನಲ್ಲ ಎಂದು ಸಂತೋಷವೂ ಆಯಿತು. ಆ ಸಂತೋಷಕ್ಕೆ ಇನ್ನಷ್ಟು ಸಿಟ್ಟು ಬಂತು. ಚೀಲದಿಂದ ಚಾಣ, ಸುತ್ತಿಗೆ ತೆಗೆದ. ಹಗ್ಗವನ್ನು ಕಬ್ಬಿಣದ ತುಂಡಿನ ಮೇಲಿಟ್ಟು, ಇನ್ನು ಯಾರೂ ಕಟ್ಟಲಾಗದ ಹಾಗೆ ಮೂರು ಕಡೆ ಕಡಿದು ಹಾಕಿದ. ಮುಕ್ತಾ ಅವನ ಬೆರಳಿಗೆ ಬಟ್ಟೆ ಸುತ್ತಲು ಅಷ್ಟು ಹೊತ್ತು ಕಾಯಬೇಕಾಯಿತು.

"ಹೊಸಾ ಹಗ್ಗ ನಾಳೆ ನಾನ ತರ್ತೀನಿ. ನೋಡಾಂವ ನಾ ಅಲ್ಲ, ನೀನು. ಬಾ ಇಲ್ಲೆ, ಕುಂದುರು" ಎಂದ. ಕಡಿದ ಹಗ್ಗದ ತುಂಡೊಂದನ್ನು ಕಿಟ್ಟುವಿನ ಕೈಯಲ್ಲಿಟ್ಟು, ಅವರ ಮಣಿಕಟ್ಟು ಹಿಡಿದುಕೊಂಡ. "ಕಣ್ಣು ಮುಚ್ಚು. ಬಿಗಿ ಹಿಡೀಬ್ಯಾಡ. ಕೂಸಿನ ಗಲ್ಲ ಸವರಿದಂಗ ಸವರು."

ಇಡ್ಲಿಯ ಹಬೆಯಲ್ಲಿ ನಲವತ್ತು ವರ್ಷ ಬೆಂದ ಆ ಬೆರಳುಗಳು ಒಂದು ಗೇಣು ಹೋದವು, ಎರಡು ಗೇಣು ಹೋದವು. ಕಿಟ್ಟು ತಟ್ಟನೆ ಕೈ ಹಿಂದಕ್ಕೆಳೆದರು.

"ಹಾ! ಚುಚ್ಚಿತು ಮಾರಾಯ್ರೆ!"

ಗುರುವಪ್ಪ ಆ ಬೆರಳನ್ನು ಹಿಡಿದು ಹತ್ತಿರ ತಂದು ನೋಡಿದ. ರಕ್ತವೂ ಬಂದಿರಲಿಲ್ಲ. ಸಾಸಿವೆಯಷ್ಟು ಕೆಂಪು, ಅಷ್ಟೆ.

"ಹ್ಯಾಂಗಾತು?" ಎಂದು ಕೇಳಿದ.

"ಹೇಗಾಗ್ತದೆ? ಚುರ್ ಅಂತು."

"ಚುರ್ ಅಂತಾ?" ಗುರುವಪ್ಪ ಬೆರಳು ಬಿಡಲಿಲ್ಲ. ಅವನ ಕಣ್ಣು ತುಂಬಿಕೊಂಡಿತ್ತು. "ಇನ್ನೊಮ್ಮೆ ಹೇಳ್ರಿ. ಎಲ್ಲಿ ಚುರ್ ಅಂತು, ಎಷ್ಟೊತ್ತು ಇತ್ತು, ಪೂರಾ ಹೇಳ್ರಿ."