ಎಳ್ಳಿನ ಚೀಲದ ಮೇಲಿನ ಅಕ್ಷರ

ಬೆಂಗಳೂರಿನ ಅಂಚಿನ ಕೋಗಿಲಿನಲ್ಲಿ ನಾವು ಒಂದು ಮನೆಯ ಮಹಡಿಯ ಮೇಲೆ ಬಾಡಿಗೆಗೆ ಇದ್ದೆವು. ಕೆಳಗೆ ಮಾಲೀಕರು. ಅದೇ ಊರಿನ ಹಳೆಯ ಒಕ್ಕಲು ಮನೆತನ ಅವರದು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರ ಬಾಡಿಗೆ ಮನೆಗಳೇ ಸಾಲಾಗಿ ನಿಂತಿದ್ದವು. ನಾವು ಗದಗದ ಕಡೆಯವರು. ನನ್ನ ಗಂಡ ಆರ್.ಟಿ. ನಗರದ ಒಂದು ಶಾಲೆಯಲ್ಲಿ ಚಿತ್ರಕಲೆಯ ಮೇಷ್ಟ್ರು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದೆ. ನಮಗೆ ಮಕ್ಕಳಿರಲಿಲ್ಲ.

ಬ್ಲೌಸ್ ಹೊಲಿದು ಬೇಸರವಾಗಿ ಒಂದು ಎಂಬ್ರಾಯ್ಡರಿ ಮಷಿನ್ ತಂದೆ. ಬಟ್ಟೆಯನ್ನು ರಿಂಗಿಗೆ ಬಿಗಿದು, ಬೇಕಾದ ಡಿಸೈನ್ ಆರಿಸಿ ಗುಂಡಿ ಒತ್ತಿದರೆ ಸೂಜಿ ತಾನೇ ಓಡಾಡಿ ಹೊಲಿಯುತ್ತದೆ. ಅದರ ಜೊತೆ ಇಂಗ್ಲಿಷ್ ಅಕ್ಷರಗಳು ಬಗೆಬಗೆಯ ಬಳ್ಳಿ, ಹೂವು, ಉಂಗುರಗಳ ನಡುವೆ ಕೂತುಕೊಂಡೇ ಬಂದಿದ್ದವು. ಕನ್ನಡ ಅಕ್ಷರ ಮಾತ್ರ ಎಲ್ಲಿಯೂ ಸಿಗಲಿಲ್ಲ. ಕಂಪ್ಯೂಟರಿನ ಅಕ್ಷರವನ್ನೇ ಹಾಕಿ ಹೊಲಿದು ನೋಡಿದೆ. ‘ಶ್ರೀ’ ಎನ್ನುವುದು ದಾರದ ಗಂಟಿನ ಹಾಗೆ ಬಂತು.

ನನ್ನ ಗಂಡ ಬಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಒತ್ತಕ್ಷರಕ್ಕ ಜಾಗಾನ ಇಲ್ಲಲ್ಲ ಇಲ್ಲಿ. ತಡಿ, ನಾ ಬರದು ಕೊಡ್ತೀನಿ” ಅಂದರು.

ಆಮೇಲೆ ಅವರು ಒಂದೊಂದೇ ಅಕ್ಷರ ಬರೆದರು. ‘ಲ’ದ ಬಾಲದಿಂದ ಅವರೆಬಳ್ಳಿ ಹೊರಡುತ್ತಿತ್ತು. ‘ರ’ದ ಸುತ್ತ ಕಬ್ಬಿನ ಗರಿ ಬಾಗಿ ನಿಲ್ಲುತ್ತಿತ್ತು. ಅವರು ಬರೆದದ್ದನ್ನು ನಾನು ಕಂಪ್ಯೂಟರಿನಲ್ಲಿ ತಿದ್ದಿ, ಯಾವ ಹೊಲಿಗೆ ಮೊದಲು ಬೀಳಬೇಕು, ಯಾವುದು ಆಮೇಲೆ ಎಂದು ಕೂಡಿಸುತ್ತಿದ್ದೆ. ತಪ್ಪಿದರೆ ಬಟ್ಟೆ ಸುರುಟಿಕೊಳ್ಳುತ್ತಿತ್ತು. ಅವರು ನಗುತ್ತಿದ್ದರು, ನನಗೆ ಸಿಟ್ಟು ಬರುತ್ತಿತ್ತು. ನಮ್ಮ ದಾಂಪತ್ಯದಲ್ಲಿ ಅಷ್ಟು ಹತ್ತಿರ ಕೂತು ಮಾಡಿದ ಕೆಲಸ ಬೇರೆ ಇಲ್ಲ.

ಆ ಸಂಕ್ರಾಂತಿಗೆ ಮಾಲೀಕರ ಹೆಂಡತಿಗೆಂದು ಒಂದು ಪುಟ್ಟ ಬಟ್ಟೆಯ ಚೀಲ ಹೊಲಿದೆ. ಮೇಲೆ ಅವರ ಹೆಸರಿನ ಮೊದಲ ಅಕ್ಷರ, ಒಳಗೆ ಎಳ್ಳುಬೆಲ್ಲ. ಆಕೆ ಅದನ್ನು ಬೆಳಕಿಗೆ ಹಿಡಿದು ನೋಡಿದರು.

“ಅಯ್ಯೋ, ಇದು ನನ್ನಕ್ಷರ ಅಲ್ವೇನ್ರೀ! ಇಷ್ಟ್ ಚೆನ್ನಾಗಿದೆಯಾ ಇದು?”

ಮರುವರ್ಷದಿಂದ ಬೀದಿಯ ಎಲ್ಲ ಹೆಂಗಸರಿಗೂ ಚೀಲ ಹೊಲಿಯತೊಡಗಿದೆ. ಸಂಕ್ರಾಂತಿಯ ಸಂಜೆ ಮಾಲೀಕರ ಹೆಂಡತಿಯೂ ನಾನೂ ಜೊತೆಯಾಗಿ ಎಳ್ಳು ಬೀರಲು ಹೊರಡುತ್ತಿದ್ದೆವು. ಆಕೆ ತಟ್ಟೆ ಹಿಡಿದರೆ ನಾನು ಚೀಲ ಕೊಡುತ್ತಿದ್ದೆ. ಪ್ರತಿಯೊಬ್ಬರೂ ತಮ್ಮ ಅಕ್ಷರ ಹುಡುಕಿ ಬೆರಳಿನಿಂದ ಸವರುತ್ತಿದ್ದರು. ಈ ಊರಿನಲ್ಲಿ ನನಗೂ ಒಂದು ಬಳಗವಿದೆ ಎಂದು ನಾನು ನಂಬಿದ್ದು ಆಗಲೇ.

ಒಂದು ಬೇಸಿಗೆಯಲ್ಲಿ ನನ್ನ ಗಂಡ ಶಾಲೆಯಿಂದ ಬರುವಾಗ ಹೆಬ್ಬಾಳದ ಹತ್ತಿರ ಬಸ್ಸಿನಲ್ಲೇ ಎದೆ ಹಿಡಿದುಕೊಂಡು ಕೂತರು. ಆಸ್ಪತ್ರೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆ ದಿನಗಳಲ್ಲಿ ಮಾಲೀಕರ ಹೆಂಡತಿಯೇ ನನಗೆ ಅನ್ನ ಕಲೆಸಿ ತಿನ್ನಿಸಿದರು. ಅದನ್ನು ಇಲ್ಲವೆನ್ನಲಾರೆ. ಬೇರೆ ಯಾರೋ ಆಗಿದ್ದರೆ ಮುಂದೆ ನಡೆದದ್ದು ನನ್ನನ್ನು ಇಷ್ಟು ಸುಡುತ್ತಿರಲಿಲ್ಲ.

ವರ್ಷದೊಳಗೆ ಬಂದ ಹಬ್ಬಗಳನ್ನು ನಾನು ಮಾಡಲಿಲ್ಲ. ವರ್ಷ ಕಳೆದ ಮೇಲೆ, ಧನುರ್ಮಾಸದಲ್ಲಿ ಆಕೆಯೇ ಮೇಲೆ ಬಂದರು.

“ನೋಡ್ರೀ, ಎಷ್ಟು ದಿನ ಅಂತ ಹಿಂಗೇ ಕೂತಿರ್ತೀರಾ? ಈ ಸಲ ಚೀಲ ಮಾಡ್ಬಿಡಿ. ಮಗಳಿಗೆ ಮದ್ವೆಯಾದ್ಮೇಲೆ ಮೊದಲನೇ ಸಂಕ್ರಾಂತಿ. ಯಲಹಂಕದಿಂದ ಬೀಗರೂ ಬರ್ತಾರೆ. ಅವ್ರಕ್ಷರಾನೂ ಹಾಕ್ಬೇಕು.”

ಮಷಿನ್ನಿನ ಮೇಲೆ ಹಾಸಿದ್ದ ಹಳೆಯ ಸೀರೆ ತೆಗೆದೆ. ನನ್ನ ಗಂಡ ಬರೆದಿಟ್ಟ ಅಕ್ಷರಗಳೆಲ್ಲ ಇದ್ದವು. ಸೂಜಿ ‘ಲ’ದ ಬಾಲ ಇಳಿಯುವಾಗ, ಅವರ ಕೈ ಎಲ್ಲಿ ನಿಧಾನವಾಗಿ ತಿರುಗಿತ್ತೋ ಅಲ್ಲಿಯೇ ಅದೂ ತಿರುಗುತ್ತಿತ್ತು. ನಾನು ಅಳುತ್ತ ಹೊಲಿದೆ. ಆದರೂ ಮನಸ್ಸಿಗೆ ಹಿತವಿತ್ತು. ಹಬ್ಬದಂದು ಉಡಲು ಒಂದು ಇಳಕಲ್ ಸೀರೆಯನ್ನೂ ಇಸ್ತ್ರಿ ಮಾಡಿ ಇಟ್ಟುಕೊಂಡೆ.

ಹಬ್ಬದ ಹಿಂದಿನ ದಿನ ಆಕೆ ಚೀಲ ತೆಗೆದುಕೊಂಡು ಹೋಗಲು ಬಂದರು. ಬುಟ್ಟಿಗೆ ತುಂಬಿಕೊಂಡು, ಬಾಗಿಲ ತನಕ ಹೋಗಿ ನಿಂತರು. ನನ್ನ ಮುಖ ನೋಡಲಿಲ್ಲ.

“ನಾಳೆ ನೀವು ಕೆಳಗೆ ಬರೋದು ಬೇಡ ಕಣ್ರೀ. ನಂಗೇನೂ ಇಲ್ಲ. ನಮ್ಮತ್ತೆ ಹಳೇ ಕಾಲದವ್ರು, ಒಪ್ಪಲ್ಲ. ಬೀಗರು ಬೇರೆ ಬರ್ತಾರೆ. ತಪ್ಪು ತಿಳ್ಕೋಬೇಡಿ.”

“ಚೀಲ?” ಎಂದೆ.

“ಅದಕ್ಕೇನು, ಬಟ್ಟೆ ತಾನೆ.”

ನಾನು ಬಾಗಿಲು ಹಾಕಿಕೊಂಡೆ. ಇಸ್ತ್ರಿ ಮಾಡಿದ ಸೀರೆ ಕುರ್ಚಿಯ ಮೇಲೆ ಹಾಗೆಯೇ ಇತ್ತು.

ಮರುದಿನ ಸಂಜೆ ಕೆಳಗೆ ನಗು, ಬಳೆಯ ಸದ್ದು, ಕಬ್ಬು ಮುರಿಯುವ ಸದ್ದು. ಒಣಗಿದ ಬಟ್ಟೆ ತೆಗೆಯಲು ಬಾಲ್ಕನಿಗೆ ಹೋದವಳು ಅಲ್ಲೇ ನಿಂತುಬಿಟ್ಟೆ. ಬೀದಿಯ ಹೆಂಗಸರು ಗೇಟಿನಿಂದ ಹೊರಗೆ ಬರುತ್ತಿದ್ದರು. ಎಲ್ಲರ ಕೈಯಲ್ಲೂ ಚೀಲ. ಬೀಗಿತ್ತಿ ಕೇಳಿದ್ದು ಮೇಲಿನ ತನಕ ಕೇಳಿಸಿತು: “ಇದೆಲ್ಲಿ ಮಾಡಿಸಿದ್ರಿ? ಕನ್ನಡದಲ್ಲಿ ನಾನು ನೋಡೇ ಇಲ್ಲ.”

“ಗೊತ್ತಿರೋರೊಬ್ರು ಮಾಡ್ಕೊಡ್ತಾರೆ” ಎಂದರು ಮಾಲೀಕರ ಹೆಂಡತಿ.

ಗೊತ್ತಿರೋರೊಬ್ರು. ಹೆಂಗಸರಲ್ಲಿ ಇಬ್ಬರು ಮೇಲೆ ನೋಡಿದರು. ನನ್ನನ್ನು ಕಂಡರು. ಕಾಣದವರ ಹಾಗೆ ನಡೆದರು. ಆ ಇಬ್ಬರ ಕೈಯಲ್ಲಿದ್ದ ಅಕ್ಷರಗಳೂ ನನ್ನ ಗಂಡ ಬರೆದವೇ.

ಮಾರನೆಯ ಬೆಳಿಗ್ಗೆ ಮೆಟ್ಟಿಲ ಮೇಲೆ ಕೋಲಿನ ಸದ್ದಾಯಿತು. ಬಂದವರು ಮಾಲೀಕರ ಹೆಂಡತಿಯ ಅತ್ತೆ. ಮಂಡಿ ನೋವಿನ ಮುದುಕಿ. ಮಹಡಿ ಹತ್ತಿದ್ದು ನಾನು ನೋಡಿದ್ದೇ ಇಲ್ಲ. ಉಸಿರು ಬಿಡುತ್ತ ಹೊಸ್ತಿಲ ಮೇಲೆಯೇ ಕೂತರು.

“ಯಾಕವ್ವಾ, ನೆನ್ನೆ ಕೆಳೀಕೆ ಬರ್ನೇ ಇಲ್ಲ? ಮೈಗೆ ಉಸಾರಿಲ್ಲ ಅಂದ್ಳು ನನ್ ಸೊಸೆ. ಜ್ವರ ಗಿರ ಬಂದಿತ್ತಾ?”

ನಾನು ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಮುದುಕಿ ಕೋಲನ್ನು ನೆಲಕ್ಕೆ ಕುಟ್ಟಿದರು.

“ನಾನ್ಯಾಕವ್ವಾ ಅಂಗಂತೀನಿ? ನನ್ ಗಂಡ ಓಗಿ ಎಷ್ಟ್ ಕಾಲ ಆಯ್ತು. ನೆನ್ನೆ ನಾನು ನಡುಮನೇಲೇ ಕೂತಿದ್ದೆ, ಅವರ ಜೊತೇಲೇ ಕಬ್ಬು ತಿಂದೆ. ಮನೆಗೆ ಇರೀಳು ಅಂತ ನನ್ನ ಯಾರೂ ಏಳು ಅನ್ನಲ್ಲ. ನನ್ ಎಸ್ರಲ್ಲಿ ನಿಂಗೆ ಇಂಗೆ ಮಾಡವ್ಳೆ.”

ಅಷ್ಟರಲ್ಲಿ ಸೊಸೆ ಅತ್ತೆಯನ್ನು ಹುಡುಕಿಕೊಂಡು ಬಂದರು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ, ಉಳಿದ ಎಳ್ಳುಬೆಲ್ಲವಿರಬೇಕು. ನಮ್ಮಿಬ್ಬರನ್ನೂ ನೋಡಿದ ಕೂಡಲೇ ಅವರಿಗೆ ಅರ್ಥವಾಯಿತು.

“ತಗೊಳ್ರೀ, ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಿ” ಎಂದು ಡಬ್ಬಿ ಮುಂದೆ ಚಾಚಿದರು.

“ನಿಮ್ಮತ್ತೆ ಹಾಗೆ ಹೇಳಿಲ್ಲವಂತಲ್ಲ” ಎಂದೆ.

“ಮತ್ತೆ ನಾನೇನ್ ಮಾಡ್ಲಿ? ಮಗಳು ಹೊಸದಾಗಿ ಹೋಗಿರೋ ಮನೆ. ಅವಳಿಗೇನಾದ್ರೂ ಆದ್ರೆ ನಾಳೆ ನನ್ನನ್ನೇ ಅಂತಾರೆ. ನೀವೇ ಯೋಚ್ನೆ ಮಾಡಿ.”

ನಾನು ಯೋಚನೆ ಮಾಡಿದೆ. ಅವಳಿಗೇನಾದರೂ ಆದರೆ ಎನ್ನುವ ಮಾತನ್ನು ನನ್ನ ಬಾಗಿಲಲ್ಲಿ ನಿಂತು, ನನಗೇ ಹೇಳಿದ್ದರು. ನನ್ನ ಗಂಡ ಸತ್ತದ್ದು ಅವರ ಕಣ್ಣಿಗೆ ನನ್ನ ಮೈಗೆ ಅಂಟಿದ ರೋಗ. ಅನ್ನ ಕಲೆಸಿ ತಿನ್ನಿಸಿದ ಕೈಯೇ ಅದು. ಡಬ್ಬಿಯನ್ನು ನಾನು ಮುಟ್ಟಲಿಲ್ಲ. ಮುದುಕಿ ಅದನ್ನು ಕಿತ್ತುಕೊಂಡು ಮಡಿಲಲ್ಲಿ ಇಟ್ಟುಕೊಂಡರು.

ಮುಂದಿನ ಧನುರ್ಮಾಸದಲ್ಲಿ ಮಾಲೀಕರ ಹೆಂಡತಿ ಮತ್ತೆ ಮಹಡಿ ಹತ್ತಿದರು. ಇನ್ನೂ ಚೀಲ ಕೇಳಬಹುದು ಎಂದು ಅವರಿಗೆ ಹೇಗೆ ಅನ್ನಿಸಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

“ಬೀಗಿತ್ತಿ ಅದೇ ಚೀಲ ಬೇಕು ಅಂತಿದಾರೆ. ಅವ್ರ ಅಕ್ಕತಂಗೀರಿಗೂ...”

“ಆ ಅಕ್ಷರ ಬರೆದವರು ಸತ್ತಿದಾರೆ. ಅವರ ಹೆಂಡತಿ ಆಗಲ್ಲ ಅಂದ್ರೆ ಅವರ ಅಕ್ಷರಾನೂ ಆಗಬಾರದು.”

“ಇಷ್ಟೊಂದ್ ಮನಸ್ಸಿಗೆ ಹಚ್ಕೊಂಡಿದೀರಾ ಅಂತ ಗೊತ್ತಿರ್ಲಿಲ್ಲ ಬಿಡಿ” ಎಂದು ಅವರು ಇಳಿದು ಹೋದರು. ಆ ವರ್ಷ ಯಶವಂತಪುರದ ಒಂದು ಅಂಗಡಿಯಿಂದ ಇಂಗ್ಲಿಷ್ ಅಕ್ಷರದ ಚೀಲಗಳು ಬಂದವು. ಕನ್ನಡ ಅಕ್ಷರ ಯಾಕಿಲ್ಲ ಎಂದು ಬೀದಿಯಲ್ಲಿ ಯಾರೂ ಕೇಳಿದಂತೆ ಕಾಣಲಿಲ್ಲ. ಯುಗಾದಿ ಕಳೆದ ಮೇಲೆ, ಮಗಳು ಅಳಿಯ ಬಂದು ಇರುತ್ತಾರೆ, ಮನೆ ಬೇಕು ಎಂದು ಮಾಲೀಕರು ಹೇಳಿ ಕಳಿಸಿದರು. ಯಾವ ಮಗಳೂ ಬರಲಿಲ್ಲವೆಂದು ಆಮೇಲೆ ತಿಳಿಯಿತು. ನಾನು ಖಾಲಿ ಮಾಡುವ ದಿನ ಮುದುಕಿ ಗೇಟಿನ ಹತ್ತಿರ ನಿಂತು ಅತ್ತರು. ಸೊಸೆ ಒಳಗೇ ಇದ್ದರು.

ಈಗ ತಣಿಸಂದ್ರದ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಕ್ರಿಸ್‌ಮಸ್ಸಿಗೆ, ರಂಜಾನಿಗೆ, ದೀಪಾವಳಿಗೆ ಅಕ್ಷರ ಹಾಕಿದ ಕರವಸ್ತ್ರ, ಟವೆಲ್, ದಿಂಬಿನ ಚೀಲ ಬೇಕೆಂದು ಜನ ಬರುತ್ತಾರೆ, ಮಾಡಿ ಕೊಡುತ್ತೇನೆ. ಹೆಚ್ಚಿನವರು ಇಂಗ್ಲಿಷ್ ಅಕ್ಷರವನ್ನೇ ಕೇಳುತ್ತಾರೆ. ಕನ್ನಡ ಇದೆಯಾ ಎಂದು ಅಪರೂಪಕ್ಕೆ ಯಾರಾದರೂ ಕೇಳಿದರೆ ಇಲ್ಲ ಎನ್ನುತ್ತೇನೆ. ಸಂಕ್ರಾಂತಿಯ ಕೆಲಸವನ್ನಂತೂ ಒಪ್ಪಿಕೊಳ್ಳುವುದೇ ಇಲ್ಲ. ಕಾರಣ ಕೇಳಿದವರಿಗೆ ಆ ತಿಂಗಳು ನನಗೆ ಬಿಡುವಿಲ್ಲ ಎಂದು ಹೇಳುತ್ತೇನೆ.